ಗೋಡೆಗೆ ಮುಖ ಮಾಡಿದ ಆನೆ

ಜೂನ್ 4

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಹಲ್ಲು ಮುರಿದ ಬಾಚಣಿಗೆಗಳೇ, ಮುಂದಿನ ಸಾಲಿನಲ್ಲಿ ಹೊಟ್ಟೆ ಮುಂದು ಮಾಡಿ ಕೂತಿರುವ ಗಾಜಿನ ಭರಣಿಗಳೇ, ಹಿಂದೆ ಗುಸುಗುಸು ಮಾಡುತ್ತಿರುವ ಪೀಪಿಗಳೇ, ಹಾಗೂ ಕರೆಯದೆಯೇ ಬಂದಿರುವ ನನ್ನ ನೆಚ್ಚಿನ ಜಿರಳೆ ಬಾಂಧವರೇ,

ತಮ್ಮೆಲ್ಲರ ಅಪ್ಪಣೆ ಪಡೆದು ‘ಹಳೇ ಅಂಗಡಿ ಖಾಲಿ ಮಾಡುವ ಏಕಸದಸ್ಯ ಸಮಿತಿ’ಯ ಮೊದಲ ವರದಿಯನ್ನು ಈ ಮಹಾಸಭೆಯ ಮುಂದೆ ಮಂಡಿಸುತ್ತಿದ್ದೇನೆ.

ಗಲ್ಲಾರಾಣಿ, ಗಾಬರಿಯಾಗಬೇಡ, ನನಗೆ ತಲೆ ಕೆಟ್ಟಿಲ್ಲ. ನೀನು ಕಳಿಸಿದ ಬೀಗದ ಕೈ ಸೋಮವಾರ ತಲುಪಿತು. ನಿಮ್ಮಪ್ಪ ಬಾಗಿಲು ಹಾಕಿ ನಿನ್ನ ಮನೆಗೆ ಬಂದು ಮೂರು ವರ್ಷವಾಯಿತಲ್ಲ, ಆ ಮೂರು ವರ್ಷದ ಧೂಳು ನನಗಾಗಿಯೇ ಕಾದಿತ್ತು.

ಬೀಗ ತೆಗೆದೆ, ಬಾಗಿಲು ಕಿರುಗುಟ್ಟಿತು;
ಮೂಗಿಗೆ ಧೂಳು ಹೋಗಿ ಸೀನು ಹುಟ್ಟಿತು.

ಪ್ರಾಸ ಬಿಡು ಅಂತ ಶುರು ಮಾಡಬೇಡ. ನಲವತ್ತೈದಕ್ಕೆ ಬಿಡಬೇಕಾದ ಚಟಗಳ ಪಟ್ಟಿಯಲ್ಲಿ ಡಾಕ್ಟರು ಇದನ್ನು ಸೇರಿಸಿಲ್ಲ. ಇಡೀ ದಿನ ಪ್ರೆಸ್ಸಿನಲ್ಲಿ ಬೇರೆಯವರ ತಪ್ಪು ತಿದ್ದುವವನಿಗೆ ಸಂಜೆ ತನ್ನದೇ ಒಂದೆರಡು ತಪ್ಪು ಮಾಡುವ ಹಕ್ಕಿರುತ್ತದೆ.

ಒಳಗೆ ಎಲ್ಲವೂ ಇದ್ದ ಹಾಗೇ ಇದೆ. ಗಲ್ಲಾಪೆಟ್ಟಿಗೆಯ ಹಿಂದೆ ನೀನು ಕಾಲು ತೂಗಾಡಿಸುತ್ತಾ ಕೂರುತ್ತಿದ್ದ ಎತ್ತರದ ಸ್ಟೂಲು. ಛಾವಣಿಯಿಂದ ಜೋತುಬಿದ್ದ ಸ್ಕಿಪ್ಪಿಂಗ್ ಹಗ್ಗಗಳು. ಗುಂಡಿಗಳ ಅರವತ್ತು ಖಾನೆ, ಒಂದೊಂದು ಖಾನೆಯ ಮುಖಕ್ಕೂ ಒಂದೊಂದು ಗುಂಡಿ ಹೊಲಿದಿದ್ದು. ರಬ್ಬರ್ ಚೆಂಡು, ನುಸಿಗುಳಿಗೆ, ಹೊಸ ಸ್ಲೇಟು ಮೂರೂ ಸೇರಿದ ಆ ವಾಸನೆ ಇನ್ನೂ ಹೋಗಿಲ್ಲ. ಮೂಗು ಮೊದಲು ಗುರುತು ಹಿಡಿಯಿತು, ನಾನು ಆಮೇಲೆ. ಬೊಂಬೆಗಳ ಬಿಡಿ ಕಣ್ಣುಗಳ ಡಬ್ಬಿಯೂ ಸಿಕ್ಕಿತು. ಮುಚ್ಚಳ ತೆಗೆದರೆ ನಲವತ್ತು ಕಣ್ಣು ಒಟ್ಟಿಗೆ ನನ್ನನ್ನೇ ನೋಡಿದವು. ಬೊಂಬೆಗೆ ಕಣ್ಣು ಕೂರಿಸುತ್ತಿದ್ದವರ ಮಗಳು ಮನುಷ್ಯರಿಗೆ ಕನ್ನಡಕ ಕೂರಿಸುತ್ತಾಳೆ. ಇದಕ್ಕೇ ಮನೆತನ ಅನ್ನುವುದು.

ಕಪಾಟಿನ ಮುಂದೆ ನಿಂತಾಗ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. “ಕಣ್ಣಲ್ಲಿ ಮುಟ್ರೋ, ಕೈಯಲ್ಲಿ ನೋಡ್ಬೇಡ್ರೋ” ಅಂತ ಏಣಿಯ ಮೇಲಿಂದ ನಿಮ್ಮಪ್ಪ ಕೂಗಿದ ಹಾಗಾಯಿತು.

ಸಭಿಕರಲ್ಲಿ ಹೊಸಬರಿದ್ದರೆ ಅವರಿಗಾಗಿ ಈ ಅಂಗಡಿಯ ಕಾನೂನು ಹೇಳಿಬಿಡುತ್ತೇನೆ. ಒಂದು ಮಗು ಒಂದು ಆಟಿಕೆಗೆ ಮನಸೋತು, ಮನೆಯವರು “ಮುಂದಿನ ತಿಂಗಳು ಕೊಡಿಸ್ತೀವಿ” ಅಂದರೆ, ಅಂಗಡಿಯ ಯಜಮಾನರೋ ಯಜಮಾನಿಯೋ ಆ ಆಟಿಕೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು. ಗೋಡೆಗೆ ಮುಖ ಮಾಡಿದ ಆಟಿಕೆಗೆ ಮಾತು ಕೊಟ್ಟಾಗಿದೆ ಎಂದರ್ಥ. ಅದರ ಬೆಲೆ ಯಾರೂ ಕೇಳುವಂತಿಲ್ಲ, ಯಾವ ಮಗುವಿಗೆ ಎಂದೂ ಕೇಳುವಂತಿಲ್ಲ. ಕೀ ಕೊಡುವ ಆಟಿಕೆಯಾದರೆ ಕೀಲಿಯನ್ನು ಬಿಚ್ಚಿ ಮಗುವಿನ ಕೈಗೇ ಕೊಟ್ಟು ಕಳಿಸುತ್ತಿದ್ದರು. ಆಟಿಕೆ ಕಪಾಟಿನಲ್ಲಿ, ಕೀಲಿ ಜೇಬಿನಲ್ಲಿ. ಅದೇ ರಸೀದಿ, ಅದೇ ಸಾಕ್ಷಿ.

ಈಗ ವಿಷಯಕ್ಕೆ ಬರುತ್ತೇನೆ. ಮೂರನೇ ಕಪಾಟಿನ ಮೇಲಿನ ಅಂತಸ್ತಿನಲ್ಲಿ ಒಂದೇ ಒಂದು ಆಟಿಕೆ ಉಳಿದಿದೆ: ಸೊಂಡಿಲಲ್ಲಿ ಛತ್ರಿ ಹಿಡಿದ ತಗಡಿನ ಆನೆ. ಈಗಲೂ ಗೋಡೆಗೆ ಮುಖ. ಬಾಲಕ್ಕೆ ಕೀಲಿ ಕಟ್ಟುತ್ತಿದ್ದ ದಾರ ಇದೆ, ಕೀಲಿ ಇಲ್ಲ. ಈ ಬಗ್ಗೆ ಸಮಿತಿಗೆ ಯಾವ ಮಾಹಿತಿಯೂ ಇಲ್ಲ.

ಉಳಿದ ಸಾಮಾನಿನ ಜೊತೆ ಇದನ್ನೂ ಮೂಟೆಗೆ ಹಾಕಲೇ?

ಇಂತಿ,
ಪ್ರಾಸಪ್ಪ (ಈ ಹೆಸರಿಟ್ಟವಳು ನೀನೇ, ಅನುಭವಿಸು)


ಜೂನ್ 9

ಪ್ರಾಸಪ್ಪಾ,

ನಿನ್ನ ವರದಿ ಬಂದಾಗ ಒಬ್ಬರ ಕಣ್ಣು ಪರೀಕ್ಷೆ ಮಾಡುತ್ತಿದ್ದೆ. ಅವರು ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದರು, ನಾನು ಮೇಜಿನ ಕೆಳಗೆ ನಿನ್ನ ಕಾಗದ ಓದುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ಇಬ್ಬರೂ ತಡವರಿಸಿದೆವು.

ಆನೆಯನ್ನು ಮೂಟೆಗೆ ಹಾಕಬೇಡ. ದಯವಿಟ್ಟು.

ಅಂಗಡಿ ಖಾಲಿ ಮಾಡಿಸೋಕೆ ಅಲ್ಲಿ ಬೇರೆ ಯಾರೂ ಸಿಗಲಿಲ್ಲ ಅಂತ ನಿನಗೆ ಬರೆದೆ ಅಂದುಕೊಂಡಿದ್ದರೆ ತಪ್ಪು. ಅಂಗಡಿ ಕಟ್ಟಡವನ್ನ ಜುಲೈ ಹತ್ತಕ್ಕೆ ಬಿಟ್ಟುಕೊಡಬೇಕು. ಕಾಗದ ಪತ್ರ ಎಲ್ಲಾ ತಯಾರಾಗಿದೆ, ಅಪ್ಪನ ರುಜು ಒಂದು ಬಾಕಿ. ಪೆನ್ನು ಕೈಗೆ ಕೊಟ್ಟರೆ ಮುಚ್ಚಳ ಹಾಕಿ ವಾಪಸ್ ಕೊಡ್ತಾರೆ.

“ಆ ಮಗು ಬಂದು ಆನೆ ತಗೊಂಡು ಹೋಗ್ಲಿ, ಆಮೇಲೆ ಹಾಕ್ತೀನಿ.”

“ಅಪ್ಪಾ, ಮೂವತ್ತೈದು ವರ್ಷ ಆಯ್ತು. ಆ ಮಗುಗೆ ಈಗ ತಲೆ ನೆರೆತಿರುತ್ತೆ.”

“ತಲೆ ನೆರೆದ್ರೆ ಮಾತು ಹುಳಿ ಹಿಡಿಯುತ್ತೇನೇ? ಕೀಲಿ ಯಾರ ಹತ್ರ ಇದೆಯೋ ಆನೆ ಅವರದ್ದು.”

ಯಾವ ಮಗು ಅಂತ ಕೇಳಿದರೆ ಗೊತ್ತಿಲ್ಲ ಅಂತಾರೆ. ದಿನಾ ಶಾಲೆ ಬಿಟ್ಟ ಮೇಲೆ ನಮ್ಮಂಗಡಿಯಲ್ಲೇ ಬಿದ್ದಿರುತ್ತಿದ್ದವನು ನೀನು. ಆ ಬೀದಿಯ ಅಷ್ಟೂ ಮಕ್ಕಳು ನಿನಗೆ ಗೊತ್ತು. ಹುಡುಕಿ ಕೊಡು.

ಫೋನ್ ಮಾತ್ರ ಮಾಡಬೇಡ. ಅಪ್ಪನಿಗೆ ಮಂಡಿ ಹೋಗಿದೆ, ಕಿವಿ ಹೋಗಿಲ್ಲ. ಪಕ್ಕದ ಮನೆಯವರು ಯಾವ ಸೀರಿಯಲ್ ನೋಡುತ್ತಾರೆ ಅಂತ ಕೂತಲ್ಲೇ ಹೇಳ್ತಾರೆ. ಹುಡುಕುತ್ತಿದ್ದೀವಿ ಅಂತ ಗೊತ್ತಾದರೆ ಬಾಗಿಲ ಕಡೆ ನೋಡುತ್ತಾ ಕೂತುಬಿಡುತ್ತಾರೆ. ಸಿಗೋವರೆಗೂ ನನ್ನ ಕನ್ನಡಕದ ಅಂಗಡಿಯ ವಿಳಾಸಕ್ಕೇ ಬರೆ.

ಗಲ್ಲಾರಾಣಿ

ಆ ಡಬ್ಬಿಯ ಕಣ್ಣುಗಳನ್ನ ಎಸೆಯಬೇಡ. ನನಗೆ ಬೇಕು.


ಜೂನ್ 13

ಮಾನ್ಯ ಸಭಿಕರೇ,

ಸಮಿತಿಗೆ ಬಡ್ತಿ ಸಿಕ್ಕಿ ಅದೀಗ ತನಿಖಾ ಆಯೋಗವಾಗಿದೆ. ಸಂಬಳ ಮಾತ್ರ ಹಳೆಯದೇ.

ಮೊದಲ ಸಾಕ್ಷಿ, ಡಾಕ್ಟರ ಹೆಂಡತಿ. ನೆನಪಿದೆಯಲ್ಲ, ನಮ್ಮ ಬೀದಿಯಲ್ಲಿ ಕಾರಿನಿಂದ ಇಳಿದು ಆಟಿಕೆ ಕೊಳ್ಳುತ್ತಿದ್ದ ಒಬ್ಬರೇ ಒಬ್ಬರು? ಈಗ ಗಂಡನ ಹಳೇ ಕ್ಲಿನಿಕ್ಕಿನ ವರಾಂಡದಲ್ಲಿ ಗಿಡ ಬೆಳೆಸಿಕೊಂಡಿದ್ದಾರೆ. ನಾನು ಆನೆ ಅಂದ ತಕ್ಷಣ ಕತ್ತರಿ ಕೆಳಗಿಟ್ಟರು.

“ಛತ್ರಿ ಆನೆ ತಾನೆ? ಅಯ್ಯೋ, ಅದರ ಸಿಟ್ಟು ಇನ್ನೂ ಇದೆ ನನಗೆ! ಮಗಳಿಗೆ ಅಂತ ಕೆಳಗಿಳಿಸಿ, ಕೀ ಕೊಡಿಸಿ, ಎಲ್ಲಾ ನೋಡಿದ್ದೆ. ‘ನಾಳೆ ಬಂದು ತಗೊಂಡು ಹೋಗ್ತೀನಿ’ ಅಂದೆ. ‘ಗೋಡೆಗೆ ತಿರುಗಿಸಿಡ್ಲಾ ಅಮ್ಮ?’ ಅಂದ್ರು. ಒಂದು ದಿನಕ್ಕೆ ಅದೆಲ್ಲ ಯಾಕೆ ಅಂದ್ಬಿಟ್ಟೆ. ಮಾರನೇ ದಿನ ಹೋದ್ರೆ ಆನೆ ಬೆನ್ನು ತೋರಿಸ್ತಾ ನಿಂತಿದೆ!”

“ಯಾರಿಗೆ ಅಂತ ಕೇಳಲಿಲ್ವಾ?”

“ಆ ಅಂಗಡೀಲಿ ಹಾಗೆ ಕೇಳೋ ಹಾಗಿಲ್ವಲ್ಲಪ್ಪಾ. ಕೇಳಿದ್ರೆ ಅವರ ಮುಖ ನೋಡೋಕಾಗ್ತಿರಲಿಲ್ಲ. ನೀನು ಅಲ್ಲೇ ಓಡಾಡ್ಕೊಂಡಿದ್ದೆ, ನಿನಗೆ ಗೊತ್ತಿಲ್ವಾ?”

ಸಾಕ್ಷಿಗಳು ಆಯೋಗವನ್ನೇ ಪ್ರಶ್ನಿಸುವಂತಿಲ್ಲ ಎಂದು ವಿನಯವಾಗಿ ತಿಳಿಸಿ ಎದ್ದು ಬಂದೆ. ಒಂದು ಗಿಡ ಕೊಟ್ಟಿದ್ದಾರೆ. ಲಂಚವಲ್ಲ ಎಂದು ನಂಬಿದ್ದೇನೆ.

ಎರಡನೇ ಸಾಕ್ಷಿ, ಸೂಜಿ. ಟೈಲರ್ ಮಗಳು, ನಮ್ಮ ತರಗತಿಯಲ್ಲಿ ಎಲ್ಲರನ್ನೂ ಚುಚ್ಚುತ್ತಿದ್ದವಳು. ಅವಳೀಗ ಶಾಲೆಯ ಬಸ್ಸು ಓಡಿಸುತ್ತಾಳೆ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡೇ ವಿಚಾರಣೆಗೆ ಸಹಕರಿಸಿದಳು.

“ಆನೆ ಯಾರಿಗೆ ಬೇಕಿತ್ತೋ? ನನಗೆ ಬೇಕಾಗಿದ್ದು ಪೀಪಿ. ಅಮ್ಮ ಕೊಡಿಸಿದ್ರು, ಅಪ್ಪ ಅದರ ಬಾಯಿಗೆ ಬಟ್ಟೆ ಚೂರು ತುರುಕಿಟ್ರು. ಎರಡು ವರ್ಷ ಮೂಕ ಪೀಪಿ ಊದಿದೀನಿ ನಾನು. ಅದಕ್ಕೇ ನೋಡು ಈಗ ಹಾರ್ನ್ ಹೊಡೆಯೋ ಕೆಲಸ ಹಿಡಿದಿರೋದು.”

ಅವಳು ಇನ್ನೂ ಏನೋ ಅಂದಳು. ತನಿಖೆಗೆ ಸಂಬಂಧಪಟ್ಟಿದ್ದಲ್ಲವಾದ್ದರಿಂದ ದಾಖಲಿಸಿಲ್ಲ.

ಹೀಗೆ ಇಬ್ಬರೂ ನಿರ್ದೋಷಿಗಳು.

ಆನೆಗೇನು ಗೊತ್ತು, ಯಾರ ಮಾತು ಯಾರದು?
ಗೋಡೆ ನೋಡಿ ನಿಂತದ್ದಕ್ಕೆ ಬೇಸರವೂ ಬಾರದು.

ಆಯೋಗದ ಸಲಹೆ ಇಷ್ಟು. ಸೂಜಿಯ ಬಸ್ಸಿನಲ್ಲಿ ಆಟಿಕೆ ಇಲ್ಲದ ಮಕ್ಕಳು ಬೇಕಾದಷ್ಟು ಇದ್ದಾರೆ. ಒಂದು ಮಗುವಿಗೆ ಆನೆ ಕೊಟ್ಟುಬಿಡೋಣ. “ಕೀಲಿ ತಂದುಕೊಟ್ಟು ತಗೊಂಡು ಹೋದರು” ಎಂದು ನಿಮ್ಮಪ್ಪನಿಗೆ ಹೇಳು. ಒಂದು ಸಣ್ಣ ಸುಳ್ಳು, ಅದರಿಂದ ದೊಡ್ಡ ಸಮಾಧಾನ. ಏನಂತೀಯ?

ಪ್ರಾಸಪ್ಪ


ಜೂನ್ 17

ಪ್ರಾಸಪ್ಪಾ,

ಸುಳ್ಳು ಬೇಡ. ಸಣ್ಣದೂ ಬೇಡ. ನಮ್ಮ ಮನೆಯಲ್ಲಿ ಆ ಪದಕ್ಕೆ ಒಂದು ಕಥೆ ಇದೆ. ಹೇಳಬಾರದು ಅಂತಿದ್ದೆ, ನೀನು ಹೇಳಿಸುತ್ತಿದ್ದೀಯ.

ಅಂಗಡಿಯವರ ಮಗಳು, ಇವಳಿಗೇನು ಕಡಿಮೆ ಅಂತ ನೀವೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದಿರಿ. ಅಂಗಡಿ ತುಂಬಾ ಆಟಿಕೆ ಇತ್ತು, ನನ್ನದು ಅಂತ ಒಂದೂ ಇರಲಿಲ್ಲ. ಮಾರೋ ಸಾಮಾನು ಮುಟ್ಟಬಾರದು. ಯಾವ ಬೊಂಬೆಗೆ ಹೆಸರಿಟ್ಟರೂ ವಾರದಲ್ಲಿ ಯಾರದೋ ಕಂಕುಳಲ್ಲಿ ಕೂತು ಹೋಗುತ್ತಿತ್ತು. ಗಲ್ಲಾ ಮೇಲೆ ಕೂತು ನಾನೇ ಕಾಗದ ಸುತ್ತಿ ಕೊಡುತ್ತಿದ್ದೆ.

ಆ ಆನೆ ಬಂದಾಗ ಮಾತ್ರ ಅಪ್ಪನ ಹತ್ತಿರ ಹಟ ಹಿಡಿದೆ. ಅಪ್ಪ ಹೇಳಿದರು: “ರಜೆ ಮುಗಿದು ಸ್ಕೂಲು ತೆರೆಯೋ ದಿನದವರೆಗೆ ಮಾರಾಟ ಆಗ್ದಿದ್ರೆ ನಿನ್ನದು.” ನಾನು ಪ್ರತಿ ಗಿರಾಕಿಗೂ ಬೇರೆ ಏನಾದರೂ ತೋರಿಸುತ್ತಿದ್ದೆ. ಬುಗುರಿ ಒಳ್ಳೇದು, ಚೆಂಡು ಒಳ್ಳೇದು, ಆನೆ ನಡೆಯುವಾಗ ಕುಂಟುತ್ತೆ ಅಂತೆಲ್ಲ. ನಿನಗೂ ಹೇಳಿದ್ದೆನೋ ಏನೋ, ನೆನಪಿಲ್ಲ.

ಸ್ಕೂಲು ತೆರೆಯೋಕೆ ಮೂರು ದಿನ ಇದ್ದಾಗ ಆನೆ ಗೋಡೆಗೆ ತಿರುಗಿತು.

“ನಿಮ್ಮಮ್ಮ ಯಾರಿಗೋ ಮಾತು ಕೊಟ್ಟಿರ್ಬೇಕು” ಅಂತ ಅಪ್ಪ. “ನಿಮ್ಮಪ್ಪನದೇ ಕೆಲಸ, ಮಕ್ಕಳು ಕಣ್ಣು ಒದ್ದೆ ಮಾಡಿದ್ರೆ ಸಾಕು, ಕರಗಿಬಿಡ್ತಾರೆ” ಅಂತ ಅಮ್ಮ. ಇಬ್ಬರೂ ಜಗಳ ಆಡಲಿಲ್ಲ, ಅದು ಇನ್ನೂ ಕೆಟ್ಟದ್ದು. ಇನ್ನೊಬ್ಬರು ಕೊಟ್ಟ ಮಾತು ಅಂತ ಇಬ್ಬರೂ ಅದನ್ನ ಕಾಯುತ್ತಾ ಹೋದರು. ಸ್ಕೂಲು ತೆರೆದ ದಿನ, ಅಂಗಡಿ ತುಂಬಾ ಜನ ಇದ್ದಾಗ, ನಾನು ಸ್ಟೂಲಿನ ಮೇಲೆ ನಿಂತು ಅಪ್ಪನನ್ನ “ನೀನು ಸುಳ್ಳ” ಅಂತ ಕೂಗಿದೆ. ಅಪ್ಪ ಏಣಿ ಮೇಲೆ ರಿಬ್ಬನ್ ಸುರುಳಿ ಹಿಡಿದುಕೊಂಡಿದ್ದರು. ಅದು ಕೈಜಾರಿ ಉದ್ದಕ್ಕೂ ಬಿಚ್ಚಿಕೊಂಡು ಬಾಗಿಲ ತನಕ ಹೋಯಿತು. “ನಾನು ಮುಟ್ಟಿಲ್ಲ ಮಗಳೇ” ಅಂದರು. ನಾನು ನಂಬಲಿಲ್ಲ.

ಅವತ್ತಿನಿಂದ ಆ ಅಂಗಡಿಯಿಂದ ಒಂದು ಪೆನ್ಸಿಲ್ ಕೂಡ ನಾನು ತಗೊಂಡಿಲ್ಲ. ಅಪ್ಪ ಕೊಡೋದನ್ನೇ ನಿಲ್ಲಿಸಿದರು. ನಮ್ಮಿಬ್ಬರ ಮಾತು ಅಲ್ಲಿಂದ ಬರೀ “ಊಟ ಆಯ್ತಾ, ಬಾಗಿಲು ಹಾಕಿದ್ಯಾ” ಅಷ್ಟೇ. ಈ ಮೂರು ವರ್ಷ ಒಂದೇ ಮನೆಯಲ್ಲಿದ್ದೂ ಅಷ್ಟೇ. ಅಮ್ಮ ಹೋಗುವವರೆಗೂ ಅಪ್ಪನೇ ಮಾತು ಕೊಟ್ಟಿದ್ದು ಅಂತ ನಂಬಿದ್ದರು.

ಆ ಮಗು ಸಿಕ್ಕರೆ ನನಗೆ ಕೇಳೋದು ಒಂದೇ: ನಿನಗೆ ಕೀಲಿ ಕೊಟ್ಟಿದ್ದು ಯಾರು? ಅಪ್ಪ ಅಂದರೆ ಅಪ್ಪ ಸುಳ್ಳು ಹೇಳಿದ್ದು ನಿಜ. ಅಮ್ಮ ಅಂದರೆ, ಮೂವತ್ತೈದು ವರ್ಷ ನಾನು ಅಪ್ಪನಿಗೆ ಮಾಡಿದ್ದೇನು ಅಂತ ಕೂತು ಯೋಚನೆ ಮಾಡಬೇಕು. ಎರಡರಲ್ಲಿ ಒಂದು ನನಗೆ ಗೊತ್ತಾಗಬೇಕು, ಅಪ್ಪ ಇರುವಾಗಲೇ.

ನೀನು ತಮಾಷೆ ಮಾಡಿದ್ದು ಬೇಜಾರಿಲ್ಲ. ನಿನಗೇನು ಗೊತ್ತಿತ್ತು?

ಗಲ್ಲಾರಾಣಿ


ಜೂನ್ 24

ಪ್ರಾಸಪ್ಪಾ,

ವಾರವಾಯಿತು, ಉತ್ತರ ಇಲ್ಲ. ಪ್ರೆಸ್ಸಿನಲ್ಲಿ ಶಾಯಿ ಮುಗಿಯಿತಾ, ನಿನ್ನಲ್ಲಿ ಪ್ರಾಸ ಮುಗಿಯಿತಾ? ನನ್ನ ಕಾಗದ ಓದಿ ಮುಜುಗರ ಆಯಿತಾ? ಹಾಗಿದ್ದರೆ ಕಥೆ ಬಿಡು, ಮಗುವನ್ನ ಹುಡುಕು.

ಗಲ್ಲಾರಾಣಿ


ಜೂನ್ 27

ಗಲ್ಲಾರಾಣಿ,

ತಡವಾಯಿತು. ಮೂರನೇ ತರಗತಿಯ ಗಣಿತ ಪುಸ್ತಕದ ಕರಡು ಮೇಜಿನ ಮೇಲೆ ಬಂದು ಕೂತಿತ್ತು. ಅದರಲ್ಲೊಂದು ಕಡೆ ಏಳಕ್ಕೆ ಐದು ಕೂಡಿಸಿ ಹದಿಮೂರು ಮಾಡಿದ್ದರು. ಹಿಡಿದು ತಿದ್ದಿದೆ. ಹಾಗೆ ಬಿಟ್ಟಿದ್ದರೆ ಒಂದಿಡೀ ಪೀಳಿಗೆ ದಾರಿ ತಪ್ಪುತ್ತಿತ್ತು.

ಇರಲಿ. ಆಯೋಗ ವಿಜ್ಞಾನದ ಕಡೆ ತಿರುಗಿದೆ. ಹೊಸ ಸಿದ್ಧಾಂತ: ಆನೆಯನ್ನು ಯಾರೂ ತಿರುಗಿಸಿಲ್ಲ. ಅಂಗಡಿಯ ಮುಂದೆ ಹಗಲೆಲ್ಲ ಲಾರಿಗಳು ಓಡಾಡುತ್ತವೆ, ನೆಲ ಅದುರುತ್ತದೆ, ಕಪಾಟು ನಡುಗುತ್ತದೆ. ತಗಡಿನ ಪ್ರಾಣಿ, ಹಗುರ ಮೈ. ಕೂದಲೆಳೆಯಷ್ಟು, ಕೂದಲೆಳೆಯಷ್ಟು ತಿರುಗುತ್ತಾ ಒಂದು ದಿನ ಗೋಡೆಗೆ ಮುಖ ಮಾಡಿರಬಹುದಲ್ಲ? ಹಾಗಾದರೆ ನಿಮ್ಮಪ್ಪನೂ ಸುಳ್ಳು ಹೇಳಿಲ್ಲ, ನಿಮ್ಮಮ್ಮನೂ ಹೇಳಿಲ್ಲ. ತಪ್ಪೆಲ್ಲ ರಸ್ತೆಯದು.

ನಿನ್ನೆ ಮಧ್ಯಾಹ್ನ ಪ್ರಯೋಗ ಮಾಡಿದೆ. ಆನೆಯನ್ನು ಬೀದಿಯ ಕಡೆ ತಿರುಗಿಸಿ, ಕಾಲಬುಡದಲ್ಲಿ ಬಳಪದ ಗೆರೆ ಹಾಕಿ, ನಿನ್ನ ಸ್ಟೂಲಿನ ಮೇಲೆ ಕೂತು ಎರಡು ಗಂಟೆ ಕಾದೆ. ಹನ್ನೊಂದು ಲಾರಿ, ಒಂದು ಟ್ರ್ಯಾಕ್ಟರು, ಸೂಜಿಯ ಬಸ್ಸು.

ಲಾರಿ ಬಂತು, ಲಾರಿ ಹೋಯ್ತು, ಭರಣಿಗೆಲ್ಲ ಗಡಿಬಿಡಿ;
ಆನೆ ಮಾತ್ರ ಹೇಳಿತು: “ನನ್ನ ಪಾಡಿಗೆ ನನ್ನ ಬಿಡಿ.”

ಗೆರೆ ದಾಟಿಲ್ಲ. ಆದರೆ ಆಗಿನ ಲಾರಿಗಳು ಇನ್ನೂ ಭಾರವಾಗಿದ್ದವು ಎಂಬುದನ್ನು ಮರೆಯಬಾರದು.

ಅಲ್ಲಿ ಕೂತಾಗ ಒಂದು ವಿಷಯ ಗಮನಿಸಿದೆ. ಆ ಸ್ಟೂಲಿನಿಂದ ಮೂರನೇ ಕಪಾಟು ಸರಿಯಾಗಿ ಕಾಣುವುದಿಲ್ಲ, ಸ್ಕಿಪ್ಪಿಂಗ್ ಹಗ್ಗಗಳು ಅಡ್ಡ ಬರುತ್ತವೆ. ನೀನು ಆನೆಯನ್ನು ನೋಡಬೇಕಾದರೆ ಬಲಕ್ಕೆ ಬಾಗಬೇಕಿತ್ತು. ನೀನು ಯಾವಾಗಲೂ ಬಲಕ್ಕೆ ವಾಲಿಕೊಂಡು ಕೂರುತ್ತಿದ್ದೆ. ಬೆನ್ನು ನೋವೇನೋ ಅಂದುಕೊಂಡಿದ್ದೆ.

ಪ್ರಾಸಪ್ಪ


ಜುಲೈ 2

ಪ್ರಾಸಪ್ಪಾ,

ತನಿಖೆ ನಿಲ್ಲಿಸು. ಮುಗಿಯಿತು.

ನಿನ್ನ ಲಾರಿಯ ಕಾಗದ ಓದಿ ನಗು ತಡೆಯಲಾಗದೆ, ಮನೆಗೆ ತಂದು ಅಪ್ಪನಿಗೂ ಓದಿ ಹೇಳಿಬಿಟ್ಟೆ. ಹೇಳಬಾರದಿತ್ತು. ಕೆಮ್ಮು ಬರೋ ತನಕ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, “ಎಲ್ಲಾ ಸರಿ, ಲಾರಿ ಕೀಲಿ ಯಾಕೆ ತಗೊಂಡು ಹೋಗುತ್ತೆ?” ಅಂದರು. ಆಗಲೇ ಗೊತ್ತಾಯಿತು ಅವರಿಗೆ, ನಾವು ಹುಡುಕುತ್ತಿದ್ದೀವಿ ಅಂತ. “ಯಾರನ್ನ ಕೇಳಿದ್ರಿ?” ಅಂದರು. ಹೇಳಿದೆ. ಅವರೂ ಕಪಾಟಿನ ಹತ್ತಿರ ಅವತ್ತು ಯಾರ್ಯಾರಿದ್ದರು ಅಂತ ಬೆರಳು ಮಡಿಸುತ್ತಾ ಕೂತರು.

ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಕರೆದರು.

“ಕೂತ್ಕೋ. ಅದನ್ನ ನಾನೇ ತಿರುಗಿಸಿರ್ಬೇಕು ಕಣೇ.”

“ಇಲ್ಲ ಅಂದಿದ್ರಲ್ಲಪ್ಪಾ.”

“ಅಂದಿದ್ದೆ. ಈಗ ಯೋಚನೆ ಮಾಡಿದ್ರೆ, ಬೇರೆ ಯಾರಿದ್ದಾರೆ? ನಿಮ್ಮಮ್ಮ ತಾನಲ್ಲ ಅಂತ ಕೊನೇವರೆಗೂ ಹೇಳಿದ್ಳು. ಅವಳು ಅಂಥವಳಲ್ಲ. ಆ ಪ್ರಾಸದ ಹುಡುಗ ಅಂಗಡೀಲೇ ಓಡಾಡ್ಕೊಂಡಿರ್ತಿದ್ದ, ನೀನು ಕೂಗಿದ ದಿನವೇ ಅವನನ್ನ ಕೇಳಿದ್ದೆ, ‘ಯಾರು ತಿರುಗಿಸಿದ್ರು ನೋಡಿದ್ಯೇನೋ’ ಅಂತ. ಇಲ್ಲ ಅಂತ ತಲೆ ಆಡಿಸಿದ. ಅವನು ಸುಳ್ಳು ಹೇಳೋ ಹುಡುಗ ಅಲ್ಲ. ಇನ್ನು ಉಳಿದಿದ್ದು ನಾನೇ ತಾನೆ? ಯಾವುದೋ ಮಗು ಅತ್ತಿರುತ್ತೆ, ಮಾತು ಕೊಟ್ಟಿರ್ತೀನಿ, ನಿನ್ನ ಮುಖ ನೋಡಿ ಹೆದರಿ ಇಲ್ಲ ಅಂದಿರ್ತೀನಿ. ಸುಳ್ಳ ಅಂತ ಕೂಗಿದೆಯಲ್ಲ, ಸರಿಯಾಗೇ ಕೂಗಿದೀಯ. ಅದನ್ನ ಮನಸ್ಸಲ್ಲಿ ಇಟ್ಕೋಬೇಡ.”

ಪೆನ್ನು ಕೇಳಿದರು. ರುಜು ಹಾಕಿದರು. ಮುಚ್ಚಳ ಹಾಕಿ ವಾಪಸ್ ಕೊಟ್ಟರು.

ಮೂವತ್ತೈದು ವರ್ಷದಿಂದ ನನಗೆ ಬೇಕಾಗಿದ್ದ ಮಾತು ಇದೇ. ಸಿಕ್ಕಿತು. ಇವತ್ತು ಅಂಗಡಿಯಲ್ಲಿ ಒಬ್ಬರಿಗೆ ಬೇರೆ ಯಾರದೋ ಕನ್ನಡಕ ಕೊಟ್ಟು ಕಳಿಸಿಬಿಟ್ಟೆ. ಅವರು ಬೀದಿಯ ತುದಿಯವರೆಗೆ ಹೋಗಿ ವಾಪಸ್ ಬಂದರು.

ಆನೆಯನ್ನ ಸೂಜಿಯ ಬಸ್ಸಿನ ಯಾವುದಾದರೂ ಮಗುವಿಗೆ ಕೊಟ್ಟುಬಿಡು. ಕೀಲಿ ಇಲ್ಲದಿದ್ದರೂ ತಳ್ಳಿಕೊಂಡು ಆಡಲಿ. ನಿನಗೆ ಬಹಳ ತೊಂದರೆ ಕೊಟ್ಟೆ.

ಗಲ್ಲಾರಾಣಿ


ಜುಲೈ 4

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಭರಣಿಗಳನ್ನು ಕಟ್ಟಿ ಕಳಿಸಿಯಾಗಿದೆ, ಪೀಪಿಗಳು ಸೂಜಿಯ ಬಸ್ಸಿನಲ್ಲಿ ಮಕ್ಕಳ ಬಾಯಲ್ಲಿವೆ, ಜಿರಳೆಗಳು ಪಕ್ಕದ ಬೇಕರಿಗೆ ವಲಸೆ ಹೋಗಿವೆ. ಸಭೆಯಲ್ಲಿ ಯಾರೂ ಉಳಿದಿಲ್ಲ. ಆದರೂ ಅಂತಿಮ ವರದಿಯನ್ನು ಓದಲೇಬೇಕಾಗಿದೆ. ಆಯೋಗಕ್ಕೆ ಒಬ್ಬ ಪ್ರತ್ಯಕ್ಷ ಸಾಕ್ಷಿ ಸಿಕ್ಕಿದ್ದಾನೆ.

ಸಾಕ್ಷಿಗೆ ಆಗ ಹತ್ತು ವರ್ಷ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಯಜಮಾನರ ಮಗಳು ಅವನಿಗೊಂದು ಗುಟ್ಟು ಹೇಳಿದ್ದಳು: ಸ್ಕೂಲು ತೆರೆಯುವ ದಿನದವರೆಗೆ ಮಾರಾಟವಾಗದಿದ್ದರೆ ಆನೆ ನನ್ನದು. ಅವಳು ಮರೆತಿದ್ದಾಳೆ, ಅವನು ಮರೆತಿಲ್ಲ. ಅದಾದ ಕೆಲವು ದಿನಕ್ಕೆ ಡಾಕ್ಟರ ಹೆಂಡತಿ ಆನೆಯನ್ನು ಕೆಳಗಿಳಿಸಿ ನೋಡಿ “ನಾಳೆ ಬರ್ತೀನಿ” ಎಂದದ್ದನ್ನು ಅವನು ಸ್ಕಿಪ್ಪಿಂಗ್ ಹಗ್ಗಗಳ ಹಿಂದೆ ನಿಂತು ಕೇಳಿಸಿಕೊಂಡ. ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಬಂದ. ಯಜಮಾನರು ಹೊರಗೆ ಬೋರ್ಡು ಒರೆಸುತ್ತಿದ್ದರು. ಯಜಮಾನಿ ಹಿಂದಿನ ಕೋಣೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಮಗಳು ಇನ್ನೂ ಬಂದಿರಲಿಲ್ಲ. ಸ್ಟೂಲನ್ನು ಎಳೆದು, ಹತ್ತಿ, ಆನೆಯನ್ನು ಗೋಡೆಗೆ ತಿರುಗಿಸಿದ. ಗೋಡೆಗೆ ತಿರುಗಿದ್ದನ್ನು ಯಾರೂ ಕೊಳ್ಳುವುದಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು. ಕೀಲಿ ಇದ್ದರೆ ನಂಬುವುದಿಲ್ಲವಲ್ಲ, ಅದಕ್ಕೆ ದಾರ ಬಿಚ್ಚಿ ಕೀಲಿ ತೆಗೆದುಕೊಂಡ. ಸ್ಕೂಲು ತೆರೆಯುವ ದಿನ ಬೆಳಿಗ್ಗೆ ವಾಪಸ್ ಕಟ್ಟಿ, ಆನೆಯನ್ನು ಈಚೆ ತಿರುಗಿಸಬೇಕು ಎಂದು ಲೆಕ್ಕ ಹಾಕಿದ್ದ.

ಮಾತು ಕೊಟ್ಟವರು ಯಾರು ಎಂದು ಗಂಡ ಹೆಂಡತಿ ಒಬ್ಬರತ್ತ ಒಬ್ಬರು ಬೆರಳು ಮಾಡಬಹುದು ಎಂಬುದು ಹತ್ತು ವರ್ಷದ ತಲೆಗೆ ಹೊಳೆಯಲಿಲ್ಲ.

ಅವಳಿಗಾಗಿ ಮಾಡಿದ ಎಂದು ಬರೆದರೆ ವರದಿ ಚೆಂದ ಕಾಣುತ್ತದೆ. ಎರಡು ದಿನ ಅವಳಿಗಾಗಿಯೇ ಇತ್ತು. ಮೂರನೇ ದಿನದ ಹೊತ್ತಿಗೆ ಜೇಬಿನಲ್ಲಿ ಕೀಲಿ ಬೆಚ್ಚಗಾಗಿತ್ತು. ಕೀಲಿ ಯಾರ ಹತ್ತಿರ ಇದೆಯೋ ಆನೆ ಅವರದ್ದು ಎಂಬ ಕಾನೂನು ಅವನಿಗೂ ಗೊತ್ತಿತ್ತು. ಸ್ಕೂಲು ತೆರೆದ ದಿನ ಅವನು ಅಂಗಡಿಗೆ ಬೇಕೆಂದೇ ತಡವಾಗಿ ಹೋದ. ಹೋದಾಗ ಹುಡುಗಿ ಸ್ಟೂಲಿನ ಮೇಲೆ ನಿಂತು ಕೂಗುತ್ತಿದ್ದಳು. ರಿಬ್ಬನ್ ಬಿಚ್ಚಿಕೊಳ್ಳುತ್ತಾ ಬಂದು ಅವನ ಕಾಲಿಗೇ ಸುತ್ತಿಕೊಂಡಿತು. ಯಜಮಾನರು ಏಣಿ ಇಳಿದು ಬಂದು, ಎಲ್ಲರ ಮುಖ ನೋಡಿ, ಕೊನೆಗೆ ಅವನನ್ನು ಕೇಳಿದರು. ಬಹಳ ಮೆತ್ತಗೆ ಕೇಳಿದರು. ಕೀಲಿ ಬಲಗಡೆ ಜೇಬಿನಲ್ಲಿತ್ತು. ಅವನು ತಲೆ ಆಡಿಸಿದ.

ಆಮೇಲೆ ಪ್ರತಿದಿನ ಶಾಲೆ ಬಿಟ್ಟು ಅಲ್ಲಿಗೇ ಹೋಗುತ್ತಿದ್ದ. ಆಟಿಕೆ ನೋಡಲು ಎಂದು ಎಲ್ಲರೂ ತಿಳಿದಿದ್ದರು. ಇವತ್ತು ಹೇಳುತ್ತೇನೆ, ಇವತ್ತು ಹೇಳುತ್ತೇನೆ ಎಂದು ಕಪಾಟಿನ ಕೆಳಗೆ ನಿಂತಿರುತ್ತಿದ್ದ. ಸೂಜಿ ಬಸ್ಸಿನಲ್ಲಿ ಅಂದದ್ದು, ಆಯೋಗ ದಾಖಲಿಸದೆ ಬಿಟ್ಟದ್ದು ಅದನ್ನೇ: “ದಿನಾ ಆ ಆನೆ ಕೆಳಗೆ ಬಾಯಿ ತೆರೆದು ನಿಂತಿರ್ತಿದ್ದೋನು ನೀನಲ್ವೇನೋ?”

ಇದಕ್ಕೆ ಪ್ರಾಸ ಹುಡುಕಿದೆ. ಹೊಂದುವುದು ಒಂದೂ ಸಿಗಲಿಲ್ಲ.

ಸಭೆ ಇರಲಿಲ್ಲ, ಸಮಿತಿ ಇರಲಿಲ್ಲ, ಆಯೋಗವೂ ಇರಲಿಲ್ಲ. ಆನೆಯನ್ನು ಪಾರ್ಸಲ್ ಮಾಡಿದ್ದೇನೆ, ಬೊಂಬೆಗಳ ಕಣ್ಣಿನ ಡಬ್ಬಿಯೂ ಅದರಲ್ಲೇ ಇದೆ. ಕೀಲಿಯನ್ನು ಈ ಲಕೋಟೆಯಲ್ಲಿ ಕಾಗದಕ್ಕೆ ಸುತ್ತಿಟ್ಟಿದ್ದೇನೆ. ಆನೆ ಈಗಲೂ ನಡೆಯುತ್ತದೋ ಇಲ್ಲವೋ ತಿಳಿಯದು, ಈ ಮೂವತ್ತೈದು ವರ್ಷದಲ್ಲಿ ನಾನೊಮ್ಮೆಯೂ ಕೀ ಕೊಟ್ಟು ನೋಡಿಲ್ಲ. ಆಟಿಕೆಯನ್ನು ಮಗುವಿನ ಕೈಗೆ ಕೊಡುವ ಮುಂಚೆ ನಿಮ್ಮಪ್ಪನೇ ಒಮ್ಮೆ ನಡೆಸಿ ತೋರಿಸುತ್ತಿದ್ದರಲ್ಲ, ಅವರೇ ತೋರಿಸಲಿ. ಈ ಕಾಗದವನ್ನು ಮನೆಗೆ ತೆಗೆದುಕೊಂಡು ಹೋಗಿ ಅವರಿಗೆ ಕೇಳುವ ಹಾಗೆ ಜೋರಾಗಿ ಓದು. ಅವರು ಸುಳ್ಳು ಹೇಳಲಿಲ್ಲ. ನಿಮ್ಮಮ್ಮನೂ ಹೇಳಲಿಲ್ಲ. ತಿರುಗಿಸಿದ್ದು ನಾನು.